ಜೆ-1 ಹೈಸ್ಕೂಲ್ ವಿದ್ಯಾರ್ಥಿನಿಗೆ ಹೋಸ್ಟ್ ಆಗೋದು: ಮಗಳ ರೂಮು, ಸಸ್ಯಾಹಾರ, ಊರಿಂದ ಬರೋ ಅತ್ತೆ-ಮಾವ

ಎಡಿಸನ್_ಮನೆಯವರು:
ನ್ಯೂಜೆರ್ಸಿಯಲ್ಲಿ 3 ಬೆಡ್‌ರೂಮ್ ಮನೆ. ಜೆ-1ರಲ್ಲಿ (ಅಮೆರಿಕದ ವಿನಿಮಯ ವೀಸಾ) ಬರೋ ಜರ್ಮನಿಯ 16 ವರ್ಷದ ಹುಡುಗಿಯನ್ನು ಆಗಸ್ಟಿನಿಂದ ಜೂನ್‌ವರೆಗೆ ಇಟ್ಟುಕೊಳ್ಳೋ ಯೋಚನೆ. ಮಗಳಿಗೆ 15, ಇಬ್ಬರಿಗೂ ಒಂದೇ ರೂಮು ನಡೆಯುತ್ತಾ? ಮನೇಲಿ ಮೊಟ್ಟೆ ಕೂಡ ಮಾಡಲ್ಲ. ಏಪ್ರಿಲ್‌ನಲ್ಲಿ ಮೈಸೂರಿಂದ ಅತ್ತೆ-ಮಾವ ಬರ್ತಾರೆ. ಅವಳನ್ನು ಕರೆಸೋ ವಿನಿಮಯ ಸಂಸ್ಥೆಯವರು ಖರ್ಚಿಗೆ ಏನಾದ್ರೂ ಕೊಡ್ತಾರಾ?

ಕೋಆರ್ಡಿನೇಟರ್_ಓಹಾಯೊ:
ರೂಮು ನಡೆಯುತ್ತೆ. ಒಬ್ಬರ ಜೊತೆ ಮಾತ್ರ ಹಂಚಿಕೊಳ್ಳಬಹುದು, ಅವರೂ ಹುಡುಗಿಯೇ ಆಗಿರಬೇಕು. ಆದ್ರೆ ಮಂಚ ಅವಳದ್ದೇ ಬೇರೆ ಇರಬೇಕು. ಸೋಫಾ-ಕಮ್-ಬೆಡ್, ಗಾಳಿ ತುಂಬೋ ಹಾಸಿಗೆ ಎರಡೂ ನಿಯಮಕ್ಕೆ ವಿರುದ್ಧ. ಬಟ್ಟೆ ಇಡೋಕೆ, ಓದೋಕೆ ಜಾಗ ಬೇಕು. ಸಂಸ್ಥೆಯವರು ಮನೆಗೇ ಬಂದು ಸಂದರ್ಶನ ಮಾಡಿ ಅಡುಗೆಮನೆ, ಬಚ್ಚಲು, ಅವಳ ರೂಮು ಎಲ್ಲದರ ಫೋಟೋ ತಗೊಂಡು ಹೋಗ್ತಾರೆ. ಪರಿಚಯ ಹೇಳೋಕೆ ಇಬ್ಬರು ಬೇಕು, ನೆಂಟರು ಆಗಲ್ಲ.

ಸಿಕ್ಕಿಹಾಕಿಕೊಳ್ಳೋದು ಅತ್ತೆ-ಮಾವನ ವಿಷಯದಲ್ಲೇ. ಮನೆಯಲ್ಲಿರೋ 18 ದಾಟಿದ ಎಲ್ಲರಿಗೂ ಕ್ರಿಮಿನಲ್ ಬ್ಯಾಕ್‌ಗ್ರೌಂಡ್ ಚೆಕ್ ಕಡ್ಡಾಯ, ನಡುವೆ ಬಂದು ಸೇರಿಕೊಳ್ಳೋರಿಗೂ ಸೇರಿ. ವಿಸಿಟರ್ ವೀಸಾದಲ್ಲಿ ಬರೋರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರಲ್ಲ, ಮಾಮೂಲಿ ಆನ್‌ಲೈನ್ ಚೆಕ್ ಅಲ್ಲೇ ನಿಂತುಬಿಡುತ್ತೆ. ಅದಕ್ಕೇ ಟಿಕೆಟ್ ಬುಕ್ ಮಾಡೋ ಮುಂಚೆ ಸಂಸ್ಥೆಯ ಕೋಆರ್ಡಿನೇಟರ್‌ಗೆ ಹೇಳಿ, ಏನು ದಾಖಲೆ ಸಾಕು ಅಂತ ಬರಹದಲ್ಲಿ ತಗೊಳ್ಳಿ. ಅವರು ಬಂದಾಗ ಹುಡುಗಿಯನ್ನು ಹಾಲ್‌ನಲ್ಲಿ ಮಲಗೋಕೆ ಕಳಿಸೋ ಹಾಗಂತೂ ಇಲ್ಲವೇ ಇಲ್ಲ.

ದುಡ್ಡು ಕೊಡಲ್ಲ, ಕೊಡೋ ಹಾಗೂ ಇಲ್ಲ. ತಿಂಗಳಿಗಿಷ್ಟು ಅಂತ ಯಾರಾದ್ರೂ ಆಸೆ ತೋರಿಸಿದ್ರೆ ಅದು ಬಹುಶಃ ಎಫ್-1 (ಓದೋಕೆ ಬರೋರ ಬೇರೆ ವೀಸಾ) ಖಾಸಗಿ ಶಾಲೆಯ ವ್ಯವಸ್ಥೆ, ನೀವು ಕೇಳ್ತಿರೋದಲ್ಲ.

ಶಾಲೆಯ ಲಿಖಿತ ಒಪ್ಪಿಗೆ ಇಲ್ಲದೆ ಯಾವುದೂ ಮುಂದೆ ಹೋಗಲ್ಲ. ಕೆಲವು ಶಾಲೆಗಳು ವರ್ಷಕ್ಕೆ ಇಂತಿಷ್ಟೇ ಜೆ-1 ಮಕ್ಕಳು ಅಂತ ಮಿತಿ ಇಟ್ಟಿರ್ತವೆ. ಜುಲೈವರೆಗೆ ಕಾಯಬೇಡಿ.

ಹುಳಿ_ಅನ್ನ:
ಸಸ್ಯಾಹಾರ ಅಡ್ಡಿಯಲ್ಲ, ಮುಚ್ಚಿಡೋದು ಅಡ್ಡಿ. ಅರ್ಜಿಯಲ್ಲಿ ಊಟದ ಪದ್ಧತಿ ಬರೆಯೋ ಜಾಗ ಇರುತ್ತೆ, ಹುಡುಗಿ ಮತ್ತವಳ ಅಪ್ಪ-ಅಮ್ಮ ಅದನ್ನು ಓದ್ತಾರೆ. "ವೆಜಿಟೇರಿಯನ್" ಅಂದ್ರೆ ಮೊಟ್ಟೆ ಇರುತ್ತೆ ಅಂದ್ಕೋತಾರೆ, ಅದಕ್ಕೇ ಮೊಟ್ಟೆಯೂ ಇಲ್ಲ ಅಂತ ಬಿಡಿಸಿ ಬರೀರಿ. ಹೊರಗೆ ಮಾಂಸ ತಿಂದ್ರೆ ಪರವಾಗಿಲ್ವಾ, ತಂದು ಫ್ರಿಜ್‌ನಲ್ಲಿ ಇಡಬಹುದಾ, ಇವೆರಡಕ್ಕೂ ಉತ್ತರ ಅಲ್ಲೇ ಇರಲಿ.

ಖಾರಕ್ಕಿಂತ ಹೊತ್ತಿನ ತಾಪತ್ರಯ ಜಾಸ್ತಿ. ಆಟ ಮುಗಿಸಿ ಐದೂವರೆಗೆ ಬರೋ ಹುಡುಗಿ ನಮ್ಮ ಎಂಟೂವರೆ ಊಟಕ್ಕೆ ಕಾಯಲ್ಲ, ಚಿಪ್ಸ್ ತಿಂದು ರಾತ್ರಿ ತಟ್ಟೆ ಪಕ್ಕಕ್ಕಿಡ್ತಾಳೆ. ನೀವು ಅಡುಗೆ ಹಿಡಿಸಲಿಲ್ಲ ಅಂದ್ಕೋತೀರಿ. ಬಂದ ಕೂಡಲೇ ಚಪಾತಿ-ಪಲ್ಯನೋ ಚೀಸ್ ಹಾಕಿದ ದೋಸೆನೋ ಕೊಡಿ. ಹುಳಿಪುಡಿ ಹಾಕೋ ಮುಂಚೆ ಬೆಂದ ಬೇಳೆ-ತರಕಾರಿ ಒಂದು ಬಟ್ಟಲು ತೆಗೆದು, ಉಪ್ಪು, ತುಪ್ಪ, ಜೀರಿಗೆ ಒಗ್ಗರಣೆ ಕೊಟ್ರೆ ಬೇರೆ ಅಡುಗೆ ಬೇಕಾಗಲ್ಲ.

ಊಟದ ಹೊತ್ತಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡ್ತಾ ಕೂತ್ರೆ ಅವಳು ಫೋನ್ ತೆಗೀತಾಳೆ. ಅದಕ್ಕೆ ಅವಳನ್ನು ಬೈಯಬೇಡಿ.

ಎಡಿಸನ್_ಮನೆಯವರು:
ಜ್ವರ-ಗಿರ ಬಂದ್ರೆ ಖರ್ಚು ಯಾರದು? ಟ್ಯಾಕ್ಸ್‌ನಲ್ಲಿ ಏನಾದ್ರೂ ಸಿಗುತ್ತಾ?

ಲೆಕ್ಕದ_ಪುಸ್ತಕ:
ವಿಮೆ ಪ್ರೋಗ್ರಾಮ್ ಕಡೆಯಿಂದ ಇರುತ್ತೆ, ನಿಮ್ಮ ಪಾಲಿಸಿಗೆ ಸೇರಿಸೋದು ಬೇಡ. ಹಲ್ಲು, ಕನ್ನಡಕ ಸಾಮಾನ್ಯವಾಗಿ ಅದರಲ್ಲಿ ಬರಲ್ಲ, ಅದು ಅವಳ ಮನೆಯವರ ಖರ್ಚು. ಚಿಕಿತ್ಸೆಗೆ ಒಪ್ಪಿ ಅವಳ ಅಪ್ಪ-ಅಮ್ಮ ಸಹಿ ಹಾಕಿದ ಪತ್ರದ ಒಂದು ಪ್ರತಿ ಕಾರಲ್ಲಿ ಇಟ್ಟಿರಿ. ಅವಳು ಮೈನರ್, ಅರ್ಜೆಂಟ್ ಕೇರ್‌ನಲ್ಲಿ ಮೊದಲು ಕೇಳೋದೇ ಅದು.

ಟ್ಯಾಕ್ಸ್: ತಿಂಗಳಿಗೆ 50 ಡಾಲರ್‌ವರೆಗೆ ಆದಾಯದಿಂದ ಕಳೀಬಹುದು, ಖರ್ಚು ಮಾಡಿದ್ದಷ್ಟೇ. 15 ದಿನ ಅಥವಾ ಹೆಚ್ಚು ಇದ್ರೆ ಪೂರ್ತಿ ತಿಂಗಳ ಲೆಕ್ಕ. ಅರ್ಹ ಸಂಸ್ಥೆಯ ಜೊತೆ ಲಿಖಿತ ಒಪ್ಪಂದ ಇರಬೇಕು, ಷೆಡ್ಯೂಲ್ ಎ (ಕಡಿತಗಳನ್ನು ಒಂದೊಂದಾಗಿ ತೋರಿಸೋ ಫಾರ್ಮ್) ತುಂಬಬೇಕು. ಅದರ ಬದಲು ಸ್ಟ್ಯಾಂಡರ್ಡ್ ಡಿಡಕ್ಷನ್ (ಎಲ್ಲರಿಗೂ ನಿಗದಿಯಾದ ಕಡಿತ) ತಗೊಳ್ಳೋರಿಗೆ ಸೊನ್ನೆ. ಅವಳು ಬಂದಿದ್ದಕ್ಕೆ ಪ್ರತಿಯಾಗಿ ನಿಮ್ಮ ಮಗಳು ಅದೇ ಪ್ರೋಗ್ರಾಮ್‌ನಲ್ಲಿ ಜರ್ಮನಿಗೆ ಹೋಗಿ ಅಲ್ಲಿನವರ ಮನೇಲಿ ಇದ್ರೂ ಸೊನ್ನೆಯೇ.