ಫ್ಯಾಮಿಲಿ ಸ್ಕ್ರ್ಯಾಪ್‌ಬುಕ್: ಒಂದು ಪೇಜಿಗೆ ಎಷ್ಟು ಲೇಯರ್? ಹಳೇ ಫೋಟೋ ಒರಿಜಿನಲ್ಲೇ ಅಂಟಿಸ್ಲಾ? ಮಾಡಿರೋರು ಅನುಭವ ಹೇಳಿ

ಹೊಸಪುಟ:
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನಿಗೆ ಕೊಡೋಕೆ ಅಂತ ಮನೆಯವರೆಲ್ಲರ ಫೋಟೋ ಸೇರಿಸಿ ಸ್ಕ್ರ್ಯಾಪ್‌ಬುಕ್ ಮಾಡ್ತಿದೀನಿ. ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ಮೂರು ಭಾಗ. 12 ಇಂಚಿನ ಆಲ್ಬಮ್, ಕಾರ್ಡ್‌ಸ್ಟಾಕ್, ಪ್ಯಾಟರ್ನ್ ಪೇಪರ್, ಡೈಕಟ್ (ಅಚ್ಚಲ್ಲಿ ಕತ್ತರಿಸಿದ ಪೇಪರ್ ಆಕಾರಗಳು), ಬ್ರಾಡ್ಸ್ (ಹಿಂದೆ ಕಾಲು ಮಡಚೋ ಪುಟ್ಟ ಪಿನ್ನು) ಎಲ್ಲಾ ತಂದಾಗಿದೆ. ಕೇಳ್ಬೇಕಿರೋದು ಎರಡೇ. ಒಂದು ಪೇಜಿಗೆ ಎಷ್ಟು ಲೇಯರ್ ತನಕ ಹೋಗ್ಬೋದು? ಅಪ್ಪ ಅಮ್ಮನ ಹಳೇ ಫೋಟೋಗಳನ್ನ ಒರಿಜಿನಲ್ಲೇ ಅಂಟಿಸ್ಲಾ, ಇಲ್ಲಾ ಕಾಪಿ ತೆಗೆಸ್ಲಾ?

ಅಂಚುಪಟ್ಟಿ:
ಲೇಯರ್ ವಿಷ್ಯ ನನ್ನತ್ರ ಕೇಳಿ. ನಮ್ಮನೆ ಮೊದಲನೇ ಆಲ್ಬಮ್ ಈಗ ಮುಚ್ಚೋದೇ ಇಲ್ಲ. ಪೋಸ್ಟ್ ಬೌಂಡ್ (ಬೆನ್ನಲ್ಲಿ ಸ್ಕ್ರೂ ಪೋಸ್ಟ್ ಹಾಕಿ ಪೇಜ್ ಹಿಡಿಸೋ ಆಲ್ಬಮ್) ತಗೊಳಿ, ಎಕ್ಸ್‌ಟೆಂಡರ್ ಹಾಕಿದ್ರೆ ಎಷ್ಟು ಪೇಜ್ ಬೇಕಾದ್ರೂ ಸೇರಿಸ್ಬೋದು ಅಂತ ಹೇಳಿ ಕೊಟ್ರು. ಬೆನ್ನಿನ ಕಡೆ ಪೋಸ್ಟ್ ಉದ್ದ ಆಗತ್ತೆ ಸರಿ, ಆದ್ರೆ ದಪ್ಪ ಎಲ್ಲ ಇರೋದು ಪೇಜಿನ ನಡುವೆ ತಾನೆ, ಅಲ್ಲಿ ಉಬ್ಕೊಂಡು ಮುಂದಿನ ಅಂಚು ಬಾಯಿ ತೆರ್ಕೊಂಡೇ ಇರತ್ತೆ. ಲೆಕ್ಕ ಹಾಕ್ಕೊಳಿ. ಕೆಳಗೆ 300 ಜಿಎಸ್ಎಂ ಕಾರ್ಡ್‌ಸ್ಟಾಕ್, ಅದರ ಮೇಲೆ ಒಂದು ಮ್ಯಾಟ್ (ಫೋಟೋ ಹಿಂದೆ ಚೌಕಟ್ಟಿನ ಹಾಗೆ ಕಾಣೋ ಪೇಪರ್), 2 ಮಿಲಿಮೀಟರ್ ಫೋಮ್ ಟೇಪ್ (ಎತ್ತರಿಸೋಕೆ ಹಾಕೋ ಸ್ಪಂಜಿನ ಟೇಪ್), ಇನ್ನೊಂದು ಮ್ಯಾಟ್, ಫೋಟೋ, ಮತ್ತೆ ಫೋಮ್, ಅದರ ಮೇಲೆ ಡೈಕಟ್ ಎಲೆ. ಅಲ್ಲಿಗೆ ಒಂದು ಪೇಜೇ 5 ಮಿಲಿಮೀಟರ್ ದಾಟ್ತು. ಇಂಥ 20 ಪೇಜ್ ಅಂದ್ರೆ 10 ಸೆಂಟಿಮೀಟರ್ ಮೇಲೆ, ಕವರ್ ಬಿಟ್ಟು!

ಇನ್ನು ಬ್ರಾಡ್ಸ್. ಚಳಿಗಾಲದ ಪೇಜಲ್ಲಿ ಹಿಮದ ಹಳುಕಿನ ನಡುವೆ ಒಂದೊಂದು ಲೋಹದ ಬ್ರಾಡ್ ಹಾಕಿದ್ದೆ, ನೋಡೋಕೆ ತುಂಬಾ ಚೆನ್ನಾಗಿತ್ತು. ಪೇಜ್ ಪ್ರೊಟೆಕ್ಟರ್ (ಪೇಜಿನ ಪ್ಲಾಸ್ಟಿಕ್ ಕವರ್) ಒಳಗೇ ಇತ್ತು, ಆದ್ರೂ ಆಲ್ಬಮ್ ಶೆಲ್ಫಲ್ಲಿ ಒತ್ತಾಗಿ ಕೂತು ಕೂತು ಎದುರು ಪೇಜಿನ ಫೋಟೋ ಮೇಲೆ ಗುಂಡಗೆ ಅಚ್ಚು ಬಿದ್ದಿದೆ, ಅದೂ ತಂಗಿ ಕೆನ್ನೆ ಮೇಲೇ. ಬಿಚ್ಚೋಣ ಅಂತ ಫೋಮ್ ಟೇಪ್ ಎಬ್ಬಿಸಿದ್ರೆ ಪ್ಯಾಟರ್ನ್ ಪೇಪರಿನ ಮೇಲ್ಪದರ ಟೇಪ್ ಜೊತೆ ಕಿತ್ಕೊಂಡು ಬಂತು, ಆ ಡಿಸೈನ್ ಈಗ ಎಲ್ಲೂ ಸಿಗಲ್ಲ. ನಾನೀಗ ಮೂರೇ ಲೇಯರ್, ಫೋಮ್ ಇಲ್ಲ, ಲೋಹ ಇಲ್ಲ.

ಕಾಗದಹುಚ್ಚು:
ಫೋಮ್ ಬಿಟ್ಟು ಮಾಡೋದಾದ್ರೆ ಸ್ಕ್ರ್ಯಾಪ್‌ಬುಕ್ ಯಾಕೆ ಮಾಡ್ಬೇಕು, ಫೋಟೋನ ಹಾಗೇ ಕವರಿಗೆ ಹಾಕಿಟ್ರೆ ಸಾಕಲ್ಲ? ನನ್ನ ಪೇಜಲ್ಲಿ ಏಳು, ಎಂಟು ಲೇಯರ್ ಇರತ್ತೆ, ಆಲ್ಬಮ್ ನೀಟಾಗಿ ಮುಚ್ಚತ್ತೆ. ಹೆಂಗೆ ಅಂತೀರಾ? ಮೊದಲನೇದಾಗಿ ಡಿ ರಿಂಗ್ ಆಲ್ಬಮ್ (ಇಂಗ್ಲಿಷ್ ಡಿ ಆಕಾರದ ರಿಂಗ್ ಇರೋದು), ಅದರಲ್ಲಿ ಪೇಜ್ ಸಪಾಟಾಗಿ ಕೂರತ್ತೆ. ಎರಡನೇದು, ಕಾಣದೇ ಇರೋ ಪೇಪರ್ ಕತ್ತರಿಸಿ ತೆಗಿಯೋದು. 5x7 ಫೋಟೋಗೆ 5.5x7.5 ಮ್ಯಾಟ್ ಹಾಕ್ತೀರಲ್ಲ, ಆ ಮ್ಯಾಟಿನ ಹೊಟ್ಟೆಯಿಂದ 4.5x6.5 ತುಂಡು ಕತ್ತರಿಸಿ ತೆಗೀರಿ. ಉಳಿಯೋದು ಅರ್ಧ ಇಂಚಿನ ಚೌಕಟ್ಟು, ಕಾಲು ಇಂಚು ಹೊರಗೆ ಕಾಣತ್ತೆ, ಕಾಲು ಇಂಚು ಫೋಟೋ ಅಡಿಗೆ ಗಮ್ಮಿಗೆ. ತೆಗೆದ ತುಂಡು 4x6 ಫೋಟೋಗೆ ಸರಿಯಾಗಿ ಮ್ಯಾಟ್ ಆಗತ್ತೆ. ಪೇಪರೂ ಉಳೀತು, ದಪ್ಪಾನೂ ಇಳೀತು. ಫೋಮೂ ಅಷ್ಟೆ, 1 ಮಿಲಿಮೀಟರಿಂದು ತಗೊಂಡು ಎಡ ಪೇಜಲ್ಲಿ ಮೇಲಿನ ಮೂಲೆಗೆ ಗುಂಪು ಮಾಡಿದ್ರೆ ಬಲ ಪೇಜಲ್ಲಿ ಕೆಳಗಿನ ಮೂಲೆಗೆ. ಮುಚ್ಚಿದಾಗ ಒಂದರ ಮೇಲೊಂದು ಬೀಳಲ್ಲ.

ನನ್ನ ಮಳೆಗಾಲದ ಪೇಜ್ ಬಗ್ಗೆ ಹೇಳ್ಲೇಬೇಕು. ಮಗಳು ಹಳದಿ ರೈನ್‌ಕೋಟ್ ಹಾಕ್ಕೊಂಡು ನೀರಲ್ಲಿ ಕುಣೀತಿರೋ ಫೋಟೋ. ಎಲ್ಲರೂ ಮಾಡೋ ಹಾಗೆ ಕೊಡೆ ಸ್ಟಿಕ್ಕರು, ಮೋಡದ ಸ್ಟಿಕ್ಕರು ಒಂದೂ ಇಲ್ಲ. ಹಿಂದೆ ಬೂದು ಬಣ್ಣ, ಅದರ ಮೇಲೆ ಹರಿದ ಅಂಚಿನ ನೀಲಿ ಪಟ್ಟಿಗಳು ಕೆಳಗಿಂದ ಮೇಲಕ್ಕೆ ತೆಳು ಆಗ್ತಾ ಹೋಗತ್ತೆ, ಹರಿದಾಗ ಬಿಳಿ ಅಂಚು ಕಾಣ್ಲಿ ಅಂತಾನೇ ಒಳಗೆ ಬಿಳಿ ಇರೋ ಕಾರ್ಡ್‌ಸ್ಟಾಕ್ ತಗೊಂಡಿದ್ದು. ಅದರ ಮೇಲೆ ಮಂಜಿನ ಹಾಗೆ ವೆಲ್ಲಮ್, ಅಂದ್ರೆ ಅರೆಪಾರದರ್ಶಕ ಪೇಪರ್. ವೆಲ್ಲಮ್‌ಗೆ ನೀರಿನ ಗಮ್ ಹಾಕಿದ್ರೆ ಸುರುಳಿ ಸುತ್ಕೊಳತ್ತೆ, ಟೇಪ್ ಹಾಕಿದ್ರೆ ಮೇಲಿಂದ ಕಾಣತ್ತೆ, ಅದಕ್ಕೆ ಫೋಟೋ ಅಡಿಗೆ ಹೋಗೋ ಜಾಗದಲ್ಲಿ ಮಾತ್ರ ಅಂಟಿಸಿದ್ದು. ಹನಿಗಳು ಕ್ಲಿಯರ್ ಎಂಬಾಸಿಂಗ್ ಪೌಡರಿಂದು, ಹೀಟ್ ಗನ್ನಲ್ಲಿ ಕರಗಿಸಿದ್ದು, ಫೋಟೋ ಅಂಟಿಸೋಕೆ ಮುಂಚೆ. ಹಳದಿ ಮೂರೇ ಕಡೆ: ರೈನ್‌ಕೋಟು, ಟೈಟಲಿನ ಒಂದು ಅಕ್ಷರ, ಕೆಳಗೆ ಒಂದು ಬಟನ್. ಕಣ್ಣು ತ್ರಿಕೋನದಲ್ಲಿ ಸುತ್ತಿ ಮತ್ತೆ ಮಗು ಹತ್ರಾನೇ ಬರತ್ತೆ. ನನ್ನ ಕೈಯಲ್ಲಿ ಆದ ಎಲ್ಲಾ ಪೇಜಲ್ಲಿ ಅದೇ ಚೆಂದ.

ಅಂಚುಪಟ್ಟಿ:
@ಕಾಗದಹುಚ್ಚು ನನ್ನ ಆಲ್ಬಮ್ ಬಗ್ಗೆ ಗೊತ್ತಿಲ್ದೆ ಮಾತಾಡ್ಬೇಡಿ. ಮೂಲೆ ಬದಲಾಯಿಸಿ ಹಾಕೋದು ನನಗೂ ಗೊತ್ತು, ಹಾಕಿದ್ದೆ. ದಿನಾ ಯಾರಾದ್ರೂ ತೆಗೆದು ನೋಡೋ ಆಲ್ಬಮ್ ಅದು, ಮಕ್ಕಳು ತಲೆಕೆಳಗು ಮಾಡ್ತಾರೆ, ಪೇಜ್ ಪ್ರೊಟೆಕ್ಟರ್ ಒಳಗೇ ಜಾರತ್ತೆ. ಬೀಗ ಹಾಕಿಟ್ಟಿರೋ ಪೇಜು ಹೆಂಗಿದ್ರೂ ಚೆನ್ನಾಗೇ ಇರತ್ತೆ.

ಕಾಗದಹುಚ್ಚು:
ಬೀಗ ಯಾರು ಹಾಕಿದ್ರು? ನಮ್ಮನೇಲೂ ಮಕ್ಕಳಿದಾರೆ.

ಹಳೇಪೆಟ್ಟಿಗೆ:
ನೋಡ್ರಿ, ಲೇಯರ್ ಗೀಯರ್ ಆಮ್ಯಾಲ. ಒರಿಜಿನಲ್ ಫೋಟೋಕ್ಕ ಗಮ್ ಹಚ್ಚಬ್ಯಾಡ್ರಿ. ನಮ್ಮ ಮನ್ಯಾಗ ಏನಾತು ಹೇಳ್ತೀನಿ. ಅಜ್ಜಾ ಅಜ್ಜಿ ಕೂಡಿ ತೆಗಸಿದ್ದ ಫೋಟೋ ಒಂದ ಇತ್ತು, ನೆಗೆಟಿವ್ ಇಲ್ಲ. ನಮ್ಮ ನೆಗೆಣ್ಣಿ ಆಲ್ಬಮ್ ಮಾಡ್ತೀನಂತ ತೊಗೊಂಡು ಹೋದ್ಲು. ನನ್ನ ಒಂದ ಮಾತ ಕೇಳ್ಲಿಲ್ಲ. ಅಲಿ ಅಲಿ ಅಂಚು ಬರೋ ಕತ್ತರಿ ಇರ್ತದಲ್ಲ, ಅದರ್ಲೆ ಸುತ್ತ ಕತ್ತರಿಸಿ ಹೃದಯದ ಆಕಾರ ಮಾಡಿ ಹಚ್ಚಿಬಿಟ್ಟಾಳ. ಫೋಟೋದಾಗ ಹಿಂದ ಹಳೇ ಮನಿ ಕಟ್ಟಿ ಕಾಣತಿತ್ತು, ಅಂಗಳದಾಗಿನ ಗಿಡ ಕಾಣತಿತ್ತು, ಎಲ್ಲಾ ಹೋತು. ಬೆನ್ನ ಮ್ಯಾಲ ಅಜ್ಜ ತನ್ನ ಕೈಲೇ ತಾರೀಖು, ಮಂದಿ ಹೆಸರು ಬರದಿದ್ದ, ಅರ್ಧಾ ಕತ್ತರೀಗೆ ಹೋತು, ಅರ್ಧಾ ಗಮ್ಮಿನಡಿ ಹೋತು. ಇವತ್ತಿಗೂ ಆ ಆಲ್ಬಮ್ ತೆಗದ್ರ ನನಗ ಸಿಟ್ಟು ಬರ್ತದ.

ಅಷ್ಟಕ್ಕ ಮುಗೀಲಿಲ್ಲ. ಆಕಿ ಹಾಕಿದ ಪ್ಲಾಸ್ಟಿಕ್ ಕವರ್ ಪಿವಿಸಿದು. ಪಿವಿಸಿ ಕಾಲ ಹೋದಂಗ ಆಮ್ಲ ಬಿಡ್ತದ, ಫೋಟೋಕ್ಕ ಅಂಟಿಕೊಂತದ. ಪಾಲಿಪ್ರೊಪಿಲೀನ್ ಇಲ್ಲಾ ಪಾಲಿಯೆಸ್ಟರ್ ಬೇಕ್ರಿ. ಪೇಪರ್ ತೊಗೊಳ್ಳುವಾಗ ಆಸಿಡ್ ಫ್ರೀ ಅಂತ ಒಂದ ನೋಡಿ ಬಿಡಬ್ಯಾಡ್ರಿ, ಲಿಗ್ನಿನ್ ಫ್ರೀನೂ ಇರಬೇಕು, ಲಿಗ್ನಿನ್ ಅಂದ್ರ ಕಟಿಗಿಯೊಳಗಿನ ಅಂಶ, ಅದು ಇದ್ರ ಬೆಳಕಿಗೆ ಹಳದಿ ಆಗ್ತದ. ಪೇಪರ್, ಗಮ್ಮು ಫೋಟೋಕ್ಕ ಕೇಡು ಮಾಡ್ತಾವೋ ಇಲ್ಲೋ ಅಂತ ನೋಡೋ ಪರೀಕ್ಷೆ ಅದ, ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್ ಅಂತಾರ, ಐಎಸ್ಒ 18916. ಅದರಾಗ ಪಾಸಾಗಿದ್ದು ಅಂತ ಬರದಿದ್ರ ಕಣ್ಣು ಮುಚ್ಚಿ ತೊಗೊಳ್ರಿ. ಹಳೇ ಪೇಪರ್ ಕಟಿಂಗ್, ಒಣಗಿದ ಹೂವು ಎರಡೂ ಫೋಟೋದ ಬಾಜೂಕ ಇಡಬಾರದು, ಎರಡರಾಗೂ ಆಮ್ಲ ಅದ.

ಕಾಗದಹುಚ್ಚು:
ಅಕ್ಕ, ನಿಮ್ಮ ನೆಗೆಣ್ಣಿ ಕತ್ತರಿಸಿದ್ದು ತಪ್ಪೇ, ಒಪ್ದೆ. ಆದ್ರೆ ಒರಿಜಿನಲ್ ಹಾಕ್ಲೇಬಾರದು ಅನ್ನೋದು ಯಾವ ನ್ಯಾಯ? ಪೆಟ್ಟಿಗೆಯಲ್ಲಿ ಕೂತ ಫೋಟೋನ ಯಾರೂ ನೋಡಲ್ಲ. ಗಮ್ ಬೇಡ, ಫೋಟೋ ಕಾರ್ನರ್ ಇದೆ, ನಾಲ್ಕು ಮೂಲೆ ಸಿಕ್ಕಿಸಿದ್ರೆ ಮುಗೀತು, ಯಾವಾಗ ಬೇಕಾದ್ರೂ ತೆಗೆದು ಹಿಂದಿನ ಬರಹ ಓದ್ಬೋದು.

ಹಳೇಪೆಟ್ಟಿಗೆ:
ಯಾರೂ ನೋಡಂಗಿಲ್ಲ ಅಂತ ನಿಮಗ ಯಾರ ಹೇಳಿದ್ರು? ನಮ್ಮ ಮನ್ಯಾಗ ಪೆಟ್ಟಿಗಿ ತೆಗದ್ರ ಎಲ್ಲಾರೂ ಸುತ್ತ ಕೂಡ್ತಾರ. ಇನ್ನ ಕಾರ್ನರ್ ಹಿಂದಿನ ಅಂಟು ಮಳಿಗಾಲದಾಗ ಬಿಟ್ಟು ಬಂದ್ರ ಫೋಟೋ ಕವರಿನಾಗ ಜಾರಿ ಮಡಚ್ತದ, ಅದನ್ನೂ ನೋಡೀನಿ.

ಪರದೆಮೇಲೆ:
ಇಷ್ಟೆಲ್ಲ ಒದ್ದಾಟ ಯಾಕೆ ಅಂತ. ನಾನು ಎಲ್ಲಾ ಕಂಪ್ಯೂಟರಲ್ಲೇ ಮಾಡೋದು. ಹಳೇ ಫೋಟೋ 600 ಡಿಪಿಐಲಿ ಸ್ಕ್ಯಾನ್ ಮಾಡ್ತೀನಿ, 4x6 ಫೋಟೋ 2400x3600 ಪಿಕ್ಸೆಲ್ ಬರತ್ತೆ, 300ರಲ್ಲಿ ಪ್ರಿಂಟ್ ಹಾಕಿದ್ರೆ 8x12 ತನಕ ದೊಡ್ಡದು ಮಾಡ್ಬೋದು. 70ರ ದಶಕದ ಎಷ್ಟೋ ಕಲರ್ ಪ್ರಿಂಟುಗಳು ಕತ್ತಲಲ್ಲಿ ಇಟ್ರೂ ಕೆಂಪಗಾಗ್ತವೆ, ಅದರಲ್ಲಿರೋ ಸಯಾನ್ (ಹಸಿರು ಮಿಶ್ರಿತ ನೀಲಿ) ಡೈ ತಾನಾಗೇ ಹೋಗತ್ತೆ, ಪೆಟ್ಟಿಗೆ ಕಾಪಾಡಲ್ಲ. ಸ್ಕ್ಯಾನಲ್ಲಿ ಆ ಬಣ್ಣ ವಾಪಸ್ ತಂದು, ಲೇಯರ್ ಕೆಳಗೆ ನೆರಳು ಕೊಟ್ಟು, ಚೀಟಿ, ರಿಬ್ಬನ್ ಎಲ್ಲಾ ಸ್ಕ್ರೀನಲ್ಲೇ ಇಡ್ತೀನಿ. ಅಣ್ಣನಿಗೊಂದು, ಅಕ್ಕನಿಗೊಂದು, ನನಗೊಂದು ಅಂತ ಮೂರು ಕಾಪಿ ಪ್ರಿಂಟ್ ಮಾಡಿಸಿದೆ. ಆಲ್ಬಮ್ ಯಾರ ಮನೇಲಿ ಇರ್ಬೇಕು ಅಂತ ಜಗಳಾನೇ ಬರ್ಲಿಲ್ಲ. ನಿಮ್ಮಲ್ಲಿ ಯಾರ ಹತ್ರ ಆದ್ರೂ ಎರಡನೇ ಕಾಪಿ ಇದ್ಯಾ? ಮನೇಲಿ ನೀರು ಸೋರಿದ್ರೆ ಏನ್ ಮಾಡ್ತೀರಿ?

ಕಾಗದಹುಚ್ಚು:
ನೆರಳು ಪ್ರಿಂಟ್ ಮಾಡೋದು ಲೇಯರ್ ಅಲ್ಲ ಸರ್. ಕೈ ಇಟ್ರೆ ಏನು ಸಿಗತ್ತೆ ಅಲ್ಲಿ? ನಮ್ಮಮ್ಮನಿಗೆ ಈಗ ಕಣ್ಣು ಮಂಜು, ಅವರು ಬೆರಳಲ್ಲಿ ಮುಟ್ಟಿ ಮುಟ್ಟಿ ಇದು ಬೇಸಿಗೆ ಪೇಜು, ಇದು ಮಳೆ ಪೇಜು ಅಂತ ಹೇಳ್ತಾರೆ. ನಿಮ್ಮ ಮೂರು ಕಾಪಿಯಲ್ಲಿ ಅದಾಗತ್ತಾ?

ಪರದೆಮೇಲೆ:
ಅಮ್ಮನ ವಿಷ್ಯಕ್ಕೆ ನಾನೇನೂ ಹೇಳಲ್ಲ. ಆದ್ರೆ ಆ ಪೇಜ್ ಹಾಳಾದ್ರೆ ಅಮ್ಮನಿಗೆ ಮುಟ್ಟೋಕೆ ಏನೂ ಉಳಿಯಲ್ಲ ಅನ್ನೋದೂ ನಿಜ. ಕೊನೇಪಕ್ಷ ಮಾಡಿದ ಪೇಜನ್ನಾದ್ರೂ ಸ್ಕ್ಯಾನ್ ಮಾಡಿಡಿ.

ಅಂಚುಪಟ್ಟಿ:
ಸ್ಕ್ಯಾನ್ ಮಾಡಿ ಅಂತ ಹೇಳೋದು ಸುಲಭ ಸರ್, ಮಾಡಿ ನೋಡಿದೀರಾ? ಎ4 ಸ್ಕ್ಯಾನರ್ ಉದ್ದ 29.7 ಸೆಂಟಿಮೀಟರ್, 12 ಇಂಚು ಅಂದ್ರೆ 30.48. ಅಗಲಕ್ಕೆ ಎರಡು ಸಲ ಇಟ್ರೂ ಮೇಲೆ ಕೆಳಗೆ ಒಂದು ಅಂಚು ಹೋಗೇ ಹೋಗತ್ತೆ. ಪೂರ್ತಿ ಬೇಕು ಅಂದ್ರೆ ನಾಲ್ಕು ತುಂಡು ತೆಗೆದು ಜೋಡಿಸ್ಬೇಕು. ತೆಳು ಸ್ಕ್ಯಾನರಲ್ಲಿ ಗಾಜಿಗೆ ತಾಗಿದ್ದು ಮಾತ್ರ ಚೂಪಾಗಿ ಬರತ್ತೆ, ಫೋಮ್ ಮೇಲಿಂದು ಸರಿ ಇದ್ರೆ ಕೆಳಗಿಂದು ಮಸುಕು. ಮುಚ್ಚಳ ಕೂರಲ್ಲ, ಪಕ್ಕದಿಂದ ಬೆಳಕು ನುಗ್ಗತ್ತೆ. ಕಿಟಕಿ ಹತ್ರ ನೆಟ್ಟಗೆ ನಿಲ್ಲಿಸಿ ಫೋಟೋ ತೆಗಿಯೋದೇ ವಾಸಿ.

ಪರದೆಮೇಲೆ:
ಒಳಗೆ ಕನ್ನಡಿ, ಲೆನ್ಸ್ ಇರೋ ಸಿಸಿಡಿ ಸ್ಕ್ಯಾನರಲ್ಲಿ ಅಷ್ಟು ಮಸುಕಾಗಲ್ಲ. ತೆಳು ಸ್ಕ್ಯಾನರ್ ತಗೊಂಡು ಸ್ಕ್ಯಾನಿಂಗೇ ಸರಿ ಇಲ್ಲ ಅಂದ್ರೆ ಹೆಂಗೆ ಮೇಡಂ.

ಮಸಿಬೆರಳು:
ಎಲ್ಲರೂ ಪೇಪರ್, ಪ್ಲಾಸ್ಟಿಕ್, ಸ್ಕ್ಯಾನರ್ ಅಂತೀರಲ್ಲ, ಬರೆಯೋ ವಿಷ್ಯ ಒಬ್ಬರೂ ಎತ್ತಲಿಲ್ಲ. ನಮ್ಮತ್ತೆ ಮಾಡಿದ ಆಲ್ಬಮ್ ಇದೆ, ಎಂಥ ಅಲಂಕಾರ, ರಿಬ್ಬನ್, ಲೇಸು, ಮುತ್ತು, ಒಂದೇ ಒಂದು ಹೆಸರಿಲ್ಲ. ಅತ್ತೆ ಈಗಿಲ್ಲ. ಆ ಫೋಟೋದಲ್ಲಿರೋ ಅರ್ಧ ಜನ ಯಾರು ಅಂತ ಹೇಳೋರೇ ಇಲ್ಲ ಮನೇಲಿ. ಅದಕ್ಕೆ ನಾನು ಮೊದಲು ಬರೆಯೋ ಜಾಗ ಬಿಟ್ಟು ಆಮೇಲೆ ಲೇಯರ್ ಇಡ್ತೀನಿ. ಪಿಗ್ಮೆಂಟ್ ಇಂಕ್ (ಕರಗದ ಬಣ್ಣದ ಪುಡಿ ಇರೋ ಮಸಿ) ಪೆನ್ನೇ ಆಗ್ಬೇಕು, ಸಾದಾ ಜೆಲ್ ಪೆನ್ನು, ಸ್ಕೆಚ್ ಪೆನ್ನು ಎಷ್ಟೋ ನೀರು ತಾಗಿದ ತಕ್ಷಣ ಹರಡ್ತವೆ, ಬೆಳಕಿಗೆ ಮಾಸ್ತವೆ. ಆಮೇಲೆ ಇನ್ನೊಂದು, ಫೋಟೋ ತೆಗೆಯೋರು ಯಾವ ಪೇಜಲ್ಲೂ ಇರಲ್ಲ. ನಮ್ಮನೆ ಬೇಸಿಗೆ ರಜೆ ಪೇಜುಗಳಲ್ಲಿ ನಾನು ಎಲ್ಲೂ ಇಲ್ಲ, ನನ್ನ ನೆರಳು ಮಾತ್ರ ಒಂದು ಕಡೆ ಮರಳಿನ ಮೇಲೆ ಬಿದ್ದಿದೆ, ಅದನ್ನೇ ದೊಡ್ಡದು ಮಾಡಿ ಹಾಕಿ ಪಕ್ಕದಲ್ಲಿ ಹೆಸರು ಬರೆದೆ.

ಕಾಗದಹುಚ್ಚು:
ಕೈಬರಹ ಚೆನ್ನಾಗಿಲ್ದೆ ಇರೋರು ಏನ್ ಮಾಡ್ಬೇಕು? ಇಡೀ ಪೇಜ್ ಕೆಡತ್ತೆ. ಟೈಪ್ ಮಾಡಿ ಪ್ರಿಂಟ್ ಹಾಕಿ ಪಟ್ಟಿ ಕತ್ತರಿಸಿ ಅಂಟಿಸೋದು ಎಷ್ಟೋ ಮೇಲು.

ಮಸಿಬೆರಳು:
ಚೆನ್ನಾಗಿಲ್ಲ ಅಂದ್ರೆ ಏನರ್ಥ ರೀ? ಮನೆಯವರ ಕೈಬರಹ ಅದು. ಹಳೇಪೆಟ್ಟಿಗೆ ಅಕ್ಕ ಅಜ್ಜನ ಬರಹ ಹೋಯ್ತು ಅಂತ ಇಷ್ಟು ಸಂಕಟ ಪಡ್ತಿದಾರೆ, ಅದು ಚೆಂದ ಇತ್ತು ಅಂತಾನಾ?

ಹಳೇಪೆಟ್ಟಿಗೆ:
ಅಜ್ಜನ ಅಕ್ಷರ ಚಂದನ ಇದ್ವು. ಮಾತಿಗೆ ಹೇಳ್ದೆ.

ಹೊಸಪುಟ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬ್ರಾಡ್ಸ್ ಹಾಕಲ್ಲ ಅಂತ ತೀರ್ಮಾನ ಮಾಡ್ದೆ, ಮ್ಯಾಟ್ ಒಳಗೆ ಕತ್ತರಿಸೋದು ಇವತ್ತೇ ಮಾಡಿ ನೋಡ್ದೆ, ಸರಿಯಾಗಿ ಬಂತು. ಹಳೇ ಫೋಟೋ ಕಾಪಿಗೆ ಕೊಡ್ತೀನಿ. ಕಾಪಿ ಹಾಕೋದಾದ್ರೆ ಮಾಮೂಲಿ ಗಮ್ ನಡಿಯತ್ತಾ? ಆಲ್ಬಮ್ ಪೋಸ್ಟ್ ಬೌಂಡೇ ನನ್ನದೂ, ಬದಲಾಯಿಸ್ಬೇಕಾ?

ಅಂಚುಪಟ್ಟಿ:
ಬದಲಾಯಿಸಿ. ನಾನು ಆಗ್ಲೇ ಹೇಳಿದ್ನಲ್ಲ.

ಕಾಗದಹುಚ್ಚು:
ಬದಲಾಯಿಸೋದೇನೂ ಬೇಡ, ಪೇಜ್ ಕಮ್ಮಿ ಹಾಕಿ, ಮೂರು ಕಾಲಕ್ಕೆ ಮೂರು ತೆಳು ಆಲ್ಬಮ್ ಮಾಡಿ. ಗಮ್ ನೀರಿಂದು ಬೇಡ, ಪೇಪರ್ ನಾರಿನ ಅಡ್ಡಕ್ಕೆ ಹಿಗ್ಗಿ ಸೊಟ್ಟಗಾಗತ್ತೆ. ಆಸಿಡ್ ಫ್ರೀ ಡಬಲ್ ಸೈಡ್ ಟೇಪ್ ಹಾಕಿ, ಅಂಚಿಂದ ಸ್ವಲ್ಪ ಒಳಗೆ.

ಅಂಚುಪಟ್ಟಿ:
ಮೂರು ಆಲ್ಬಮ್ ಅಂದ್ರೆ ಮೂರು ಕವರ್, ಮೂರು ಸೆಟ್ ಪ್ರೊಟೆಕ್ಟರ್. ಖರ್ಚು ಮಾಡೋರು ಅವರು, ಹೇಳೋರು ನೀವು.

ಪರದೆಮೇಲೆ:
ಕಾಪಿ ಇಂಕ್‌ಜೆಟ್ಟಲ್ಲಿ ತೆಗೆಸಿದ್ರೆ ಒಂದು ದಿನ ಪೂರ್ತಿ ಬಿಚ್ಚಿಟ್ಟು ಒಣಗಿಸಿ ಆಮೇಲೆ ಕವರಿಗೆ ಹಾಕಿ, ಇಲ್ಲಾಂದ್ರೆ ಒಳಗೆ ಮಂಜು ಕಟ್ಟತ್ತೆ. ಆ ಫೈಲ್ ಮಾತ್ರ ಅಳಿಸ್ಬೇಡಿ.