ಚೀಲ ಹೊಲಿಯುವ ಘಟಕ ಆರಂಭಿಸಬೇಕೆಂದಿದ್ದೇವೆ: ಅನುಭವ ಇರುವವರು ತಿಳಿಸಿ

ಪ್ರಶ್ನೆ: ದುಡಿಮೆಗೆ ಬೇರೆ ದಾರಿಯಿಲ್ಲದ ಕೆಲವು ಮಹಿಳೆಯರು ಮತ್ತು ಅಂಗವಿಕಲರಿಗಾಗಿ ಪರಿಸರಸ್ನೇಹಿ ಚೀಲಗಳ ಘಟಕ ತೆರೆಯುವ ಯೋಚನೆ ಇದೆ. ಹಲವರಿಗೆ ಹೊಲಿಗೆ ಬಾರದು. ಎಲ್ಲಿಂದ ಶುರು ಮಾಡುವುದು?

ಘಟಕ ನಡೆಸುತ್ತಿರುವವರು: ಯಂತ್ರಕ್ಕಿಂತ ಮೊದಲು ಗಿರಾಕಿಯನ್ನು ಹುಡುಕಿ. ಯಂತ್ರಗಳನ್ನು ಯಾರಾದರೂ ದಾನ ಕೊಡುತ್ತಾರೆ, ರಿಬ್ಬನ್ ಕತ್ತರಿಸಲೂ ಬರುತ್ತಾರೆ. ಆರ್ಡರ್ ಕೊಡುವವರೇ ಅಪರೂಪ. ಕನಿಕರದಿಂದ ಜನ ಒಮ್ಮೆ ಕೊಳ್ಳಬಹುದು, ಮತ್ತೆ ಬರುವುದು ಚೀಲ ಗಟ್ಟಿಯಾಗಿದ್ದರೆ ಮಾತ್ರ.

ಹೊಲಿಗೆ ಬಾರದವರ ಬಗ್ಗೆ ಚಿಂತೆ ಬೇಡ. ಅಳತೆ ಗುರುತಿಸುವುದು, ಕತ್ತರಿಸುವುದು, ಹಿಡಿಕೆಯ ಪಟ್ಟಿಗೆ ಇಸ್ತ್ರಿ ಹಾಕುವುದು, ಹೊಲಿದ ಚೀಲವನ್ನು ಮಗುಚಿ ಮೂಲೆ ಎತ್ತುವುದು, ಉಳಿದ ದಾರ ಕತ್ತರಿಸುವುದು, ಎಣಿಸಿ ಕಟ್ಟುವುದು, ಇವೆಲ್ಲ ಕೆಲಸಗಳೇ. ನಮ್ಮಲ್ಲಿ ತಪಾಸಣೆ ಮಾಡುವವರಿಗೆ ಕಣ್ಣು ಕಾಣುವುದಿಲ್ಲ. ಹೊಲಿಗೆಯ ಮೇಲೆ ಹೆಬ್ಬೆರಳು ಸರಿಸುತ್ತಾ ಹೋಗುತ್ತಾರೆ. ದಾರ ಸಡಿಲವಾದ ಕಡೆ ಬೆರಳು ನಿಲ್ಲುತ್ತದೆ. ನಾವು ಕಣ್ಣಿನಿಂದ ನೋಡಿ ದಾಟಿಸಿದ್ದನ್ನು ಅವರು ಹಿಂದಕ್ಕೆ ಕಳಿಸಿದ್ದಿದೆ.

ಕೂಲಿಯ ವಿಷಯ. ಬರೀ ಚೀಲಕ್ಕಿಷ್ಟು ಎಂಬ ಲೆಕ್ಕ ಇಟ್ಟರೆ ಕೈ ನಿಧಾನ ಇರುವವರು ಸೋತು ಬಿಟ್ಟುಹೋಗುತ್ತಾರೆ, ಅಂದರೆ ಯಾರಿಗಾಗಿ ಘಟಕ ತೆರೆದಿರೋ ಅವರೇ. ಎಲ್ಲರಿಗೂ ಖಚಿತ ದಿನಗೂಲಿ ಕೊಟ್ಟು, ಹೆಚ್ಚು ಮಾಡಿದ್ದಕ್ಕೆ ಮೇಲಿಷ್ಟು ಎಂದು ಸೇರಿಸಿ. ದೊಡ್ಡ ಆರ್ಡರಿಗೆ ಮುಂಗಡ ಪಡೆಯದೆ ಬಟ್ಟೆಗೆ ಕತ್ತರಿ ಹಾಕಬೇಡಿ. ಗಿರಾಕಿ ಹಣ ತಡ ಮಾಡಿದರೆ ಕೂಲಿಯೂ ತಡವಾಗುತ್ತದೆ, ಈ ಜನರಿಗೆ ಅದನ್ನು ತಾಳಿಕೊಳ್ಳುವ ಶಕ್ತಿಯಿಲ್ಲ.

ಹೊಲಿಗೆ ಕಲಿಸುವವರು: ಚೀಲ ಕಿತ್ತುಬರುವುದು ಹಿಡಿಕೆಯ ಬುಡದಲ್ಲಿ. ಅಲ್ಲಿ ಚೌಕಾಕಾರದ ಹೊಲಿಗೆ ಹಾಕಿ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಹೊಲಿಯಿರಿ. ಹಿಡಿಕೆಯ ತುದಿ ಬಾಯಿಯ ಮಡಿಕೆಯೊಳಗೆ ಸೇರಿರಲಿ. ದಪ್ಪ ಕ್ಯಾನ್ವಾಸಿಗೆ 16 ಅಥವಾ 18ನೇ ನಂಬರಿನ ಸೂಜಿ ಬೇಕು. ಹತ್ತಿ ಬಟ್ಟೆ ತೊಳೆದರೆ ಕುಗ್ಗುತ್ತದೆ, ಅಳತೆಯಲ್ಲಿ ಅದಕ್ಕೆ ಜಾಗ ಬಿಡಿ.

ಬಟ್ಟೆ ಚೂರುಗಳಿಂದ ಚೀಲ ಮಾಡುವವರು: ‘ಪರಿಸರಸ್ನೇಹಿ’ ಎಂದು ಅಚ್ಚು ಹಾಕುವ ಮುನ್ನ ಸ್ವಲ್ಪ ನಿಲ್ಲಿ. ನಾನ್‌ವೋವನ್ ಚೀಲ ನೋಡಲು ಬಟ್ಟೆಯಂತಿದ್ದರೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಹೊಸ ಹತ್ತಿ ಬಟ್ಟೆಯೂ ಪುಗಸಟ್ಟೆ ಪುಣ್ಯವಲ್ಲ: ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿ ಚೀಲದಿಂದ ಹವಾಮಾನಕ್ಕೆ ಕಡಿಮೆ ಹಾನಿಯಾಗಬೇಕಾದರೆ ಅದನ್ನು 131 ಸಲ ಬಳಸಬೇಕು ಎಂದು ಬ್ರಿಟನ್ನಿನ ಪರಿಸರ ಸಂಸ್ಥೆಯ 2011ರ ವರದಿ ಲೆಕ್ಕ ಹಾಕಿತ್ತು. ಹಾಗಾಗಿ ನಾವು ಹಳೆಯ ಪರದೆ, ಹಾಸಿಗೆ ಹೊದಿಕೆ, ಕತ್ತರಿಸಿ ಉಳಿದ ತುಂಡುಗಳನ್ನೇ ಬಳಸುತ್ತೇವೆ. ತೊಡಕೂ ಇದೆ: ಒಂದೇ ಬಣ್ಣದ ಸಾವಿರ ಚೀಲ ಬೇಕೆನ್ನುವವರಿಗೆ ಇಲ್ಲ ಎನ್ನಬೇಕಾಗುತ್ತದೆ.

ಮಾರಾಟ ನೋಡಿಕೊಳ್ಳುವವರು: ಇನ್ನೊಂದು ಮಾತು. ಹೊಲಿದವರ ಕಷ್ಟದ ಕಥೆ, ಫೋಟೊಗಳನ್ನು ಚೀಲದ ಜೊತೆಗಿನ ಚೀಟಿಯಲ್ಲಿ ಹಾಕುವ ಮುನ್ನ ಅವರನ್ನು ಕೇಳಿ. ನಮ್ಮಲ್ಲಿ ಒಬ್ಬರು ಬೇಡವೆಂದರು, ತೆಗೆದೆವು. ಈಗ ಚೀಟಿಯಲ್ಲಿ ಬಟ್ಟೆ ಯಾವುದು, ಎಷ್ಟು ಕಿಲೋ ತಡೆಯುತ್ತದೆ, ಹೇಗೆ ತೊಳೆಯಬೇಕು ಎಂದಷ್ಟೇ ಇದೆ. ಆರ್ಡರ್ ಕಡಿಮೆಯಾಗಿಲ್ಲ.