ಪದಚರ್ಚೆ: ಕಾರ್ ಸರ್ವಿಸ್ ಸೆಂಟರ್ ಫಲಕಕ್ಕೆ 'ವಾರಂಟಿ', 'ವೇರ್ ಅಂಡ್ ಟೇರ್' (ತುರ್ತು)

ಎಸ್.ಕೆ., ಹುಬ್ಬಳ್ಳಿ:
ಮಾನ್ಯರೇ, ಕಾರ್ ಡೀಲರ್ ಒಬ್ಬರ ಸರ್ವಿಸ್ ಸೆಂಟರಿನಲ್ಲಿ ಗ್ರಾಹಕರು ಕೂರುವ ಕಡೆ ಹಾಕುವ ಫಲಕ ಇದು. ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ವಾರಂಟಿ, ಎಕ್ಸ್‌ಟೆಂಡೆಡ್ ವಾರಂಟಿ, ವೇರ್ ಅಂಡ್ ಟೇರ್, ಜಾಬ್ ಕಾರ್ಡ್ (ಗ್ರಾಹಕರ ದೂರು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಚೀಟಿ) ಎಂಬುವಕ್ಕೆ ಕರಡಿನಲ್ಲಿ ಖಾತರಿ, ವಿಸ್ತರಿತ ಖಾತರಿ, ಸವಕಳಿ, ಉದ್ಯೋಗ ಚೀಟಿ ಎಂದಿದೆ. ಅವಧಿಯನ್ನು '3 ವರ್ಷ ಅಥವಾ 1 ಲಕ್ಷ ಕಿ.ಮೀ., ಯಾವುದಾದರೂ ಒಂದು' ಎಂದು ಬರೆದಿದ್ದಾರೆ. ತಿದ್ದಿಕೊಡಿ.

ಜಿ.ಆರ್., ಮೈಸೂರು:
ಉದ್ಯೋಗ ಚೀಟಿ ಎಂದರೆ ನರೇಗಾ ಕೆಲಸಕ್ಕೆ ಪಂಚಾಯಿತಿ ಕೊಡುವ ಚೀಟಿ. ತೆಗೆದುಹಾಕಿ. 'ಯಾವುದಾದರೂ ಒಂದು' ಕೂಡ ತಪ್ಪು, 'ಯಾವುದು ಮೊದಲೋ ಅದು' ಆಗಬೇಕು. ಇಲ್ಲದಿದ್ದರೆ ಎರಡನೇ ವರ್ಷಕ್ಕೇ ಲಕ್ಷ ದಾಟಿಸಿದವರು ಇನ್ನೂ ಒಂದು ವರ್ಷ ಇದೆ ಎಂದು ವಾದಿಸುತ್ತಾರೆ, ಫಲಕವೇ ಅವರಿಗೆ ಸಾಕ್ಷಿ.

ಇನ್ನು 'ವಾರಂಟಿ'. ಅದೂ 'ಗ್ಯಾರಂಟಿ'ಯೂ ಒಂದೇ ಜರ್ಮಾನಿಕ್ ಬೇರಿನವು. ನಾರ್ಮನ್ ಫ್ರೆಂಚಿನಲ್ಲಿ ವಕಾರ ಉಳಿಯಿತು, ಪ್ಯಾರಿಸ್ ಕಡೆ ಗಕಾರವಾಯಿತು. ವಾರ್ಡನ್, ಗಾರ್ಡಿಯನ್ ಇನ್ನೊಂದು ಅಂಥದೇ ಜೋಡಿ. ಆದ್ದರಿಂದ ಎರಡಕ್ಕೂ 'ಖಾತರಿ' ಸಾಕು. 'ಉದ್ಯೋಗ ಖಾತರಿ'ಯಿಂದ ಅದು ಹಳ್ಳಿಹಳ್ಳಿಗೂ ಗೊತ್ತು.

ಪಿ.ಎನ್., ಶಿವಮೊಗ್ಗ:
ಖಾತರಿ ಅರಬ್ಬಿ ಮೂಲದ್ದು. ಇಂಗ್ಲಿಷನ್ನು ಹೊರಗಟ್ಟಿ ಅರಬ್ಬಿಯನ್ನು ಒಳಗೆ ಕೂರಿಸುವುದು ಯಾವ ನ್ಯಾಯ? ಇನ್ನೊಬ್ಬರ ಪರ ನಿಂತು ಮಾತು ಕೊಡುವುದಕ್ಕೆ ಕನ್ನಡದಲ್ಲಿ ಹಿಂದಿನಿಂದಲೂ 'ಹೊಣೆ' ಇದೆ. 'ತಯಾರಕರ ಹೊಣೆ', 'ಹೊಣೆಯವಧಿ' ಎನ್ನಿ. ಜಾಬ್ ಕಾರ್ಡಿಗೆ 'ಕೆಲಸದ ಚೀಟಿ'.

ವಿ.ಎಂ., ಬೆಂಗಳೂರು:
ಬೇರು ಹುಡುಕುತ್ತ ಕೂತರೆ ಫಲಕ ಮುಗಿಯುವುದಿಲ್ಲ. ಕಾನೂನಿನಲ್ಲಿ ಎರಡೂ ಬೇರೆ. 1872ರ ಕರಾರು ಕಾಯ್ದೆಯ 126ನೇ ಕಲಮಿನ ಗ್ಯಾರಂಟಿ ಎಂದರೆ ಮೂರನೆಯವರು ತಪ್ಪಿದರೆ ತಾನು ತೀರಿಸುತ್ತೇನೆಂಬ ಜಾಮೀನು. ವಾರಂಟಿಯ ವ್ಯಾಖ್ಯೆ 1930ರ ಸರಕು ಮಾರಾಟ ಕಾಯ್ದೆಯ 12ನೇ ಕಲಮಿನಲ್ಲಿದೆ. 2023ರ ನಂತರ ಕರ್ನಾಟಕದಲ್ಲಿ ಗ್ಯಾರಂಟಿ ಎಂದರೆ ಜನ ಸರ್ಕಾರದ ಯೋಜನೆ ಎಂದೇ ಓದುತ್ತಾರೆ. 'ಹೊಣೆ'ಯೂ ಆಗದು: ಅದೇ ಕೌಂಟರಿನಲ್ಲಿ ಮಾರುವ ವಿಮೆಯಲ್ಲಿ 'ಮೂರನೇ ವ್ಯಕ್ತಿ ಹೊಣೆಗಾರಿಕೆ' ಆಗಲೇ ಕೂತಿದೆ. ವಾರಂಟಿಯನ್ನು ಹಾಗೇ ಬಿಡಿ.

'ಸವಕಳಿ' ನಿಜವಾದ ಅಪಾಯ. ಲೆಕ್ಕಪತ್ರದಲ್ಲೂ ವಿಮೆಯಲ್ಲೂ ಅದು ಬೆಲೆ ಇಳಿಯುವುದಕ್ಕೆ ನಿಂತ ಪದ. ವಿಮಾ ಕ್ಲೇಮಿನಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ, ಝೀರೋ ಡೆಪ್ ಪಾಲಿಸಿ ಇದ್ದರೆ ಕಳೆಯುವುದಿಲ್ಲ. ಫಲಕದಲ್ಲಿ 'ಸವಕಳಿಗೆ ವಾರಂಟಿ ಇಲ್ಲ' ಎಂದು ಕಂಡರೆ ಗ್ರಾಹಕ ಇವೆರಡನ್ನೂ ಕಲಸಿಕೊಳ್ಳುತ್ತಾನೆ. 'ಸವೆತ' ಬಳಸಿ, ಭಾಗಗಳ ಹೆಸರನ್ನೂ ಹಾಕಿ: ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಬ್ಲೇಡ್. ಆಯಿಲ್, ಕೂಲಂಟ್, ಫಿಲ್ಟರ್ ಸವೆಯುವುದಿಲ್ಲ, ಖರ್ಚಾಗುತ್ತವೆ. ಅವಕ್ಕೆ 'ಬದಲಿಸಬೇಕಾದ ಸಾಮಗ್ರಿ' ಎಂದು ಬೇರೆ ಸಾಲು ಬೇಕು.

ಟೈರು, ಬ್ಯಾಟರಿಗೂ ಬೇರೆ ಸಾಲು. ಸಾಮಾನ್ಯವಾಗಿ ಅವುಗಳ ವಾರಂಟಿ ಆಯಾ ಕಂಪನಿಯದು, ಕಾರ್ ಕಂಪನಿಯದಲ್ಲ. ಬ್ಯಾಟರಿಗೆ ಮೊದಲ ಕೆಲವು ತಿಂಗಳು ಪೂರ್ತಿ ಬದಲಿ ಕೊಟ್ಟು, ಆಮೇಲೆ ಪ್ರೊ-ರೇಟಾ ಮಾಡುತ್ತಾರೆ. ಅದಕ್ಕೆ 'ಉಳಿದ ಅವಧಿಗೆ ತಕ್ಕ ರಿಯಾಯಿತಿ' ಸಾಕು, 'ಅನುಪಾತಾಧಾರಿತ' ಬೇಡ. ಇಲಿ ಕಡಿದ ವೈರಿಂಗ್, ನೀರು ನುಗ್ಗಿ ಕೆಟ್ಟ ಎಂಜಿನ್ ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಜಗಳ ಹತ್ತುವುದೇ ಈ ಎರಡಕ್ಕೆ, ಇವನ್ನು ದಪ್ಪಕ್ಷರದಲ್ಲಿ ಹಾಕಿಸಿ.

'ವಿಸ್ತರಿತ' ಎಂದರೆ ವ್ಯಾಪ್ತಿಯೂ ಹಿಗ್ಗಿತು ಅನ್ನಿಸುತ್ತದೆ. ಬೆಳೆಯುವುದು ಕಾಲ ಮಾತ್ರ, ಒಳಗೊಳ್ಳುವ ಭಾಗಗಳು ಎಷ್ಟೋ ಸಲ ಕಡಿಮೆ. 'ಹೆಚ್ಚುವರಿ ಅವಧಿಯ ವಾರಂಟಿ' ಎನ್ನಿ.

ಪಿ.ಎನ್., ಶಿವಮೊಗ್ಗ:
ಇದೇ ಸೋಮಾರಿತನ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೇ ತಿದ್ದುಪಡಿ ಬಂತು. ಒಳಗಿನ ಫಲಕದಲ್ಲಿ ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಗೀಚಿ ಕನ್ನಡ ಎಂದರೆ ಒಪ್ಪಲಾರೆ. ಎತ್ತಿನ ಗಾಡಿಗೆ ಅಚ್ಚು, ಕೀಲೆಣ್ಣೆ ಎಂಬ ಪದ ಕಟ್ಟಿದ ಜನಕ್ಕೆ ಕಾರಿನ ಪದ ಕಟ್ಟಲು ಬಾರದೇ?

ಎಲ್.ಬಿ., ಕಲಬುರಗಿ:
ಕಟ್ಟಲಿ, ಬೇಡವೆನ್ನುವವರು ಯಾರು? ಆದರೆ ಜಾಮೀನು, ಜವಾಬ್ದಾರಿ, ತಕರಾರು ಎಲ್ಲ ಹೊರಗಿನಿಂದ ಬಂದವೇ, ಈಗ ನಮ್ಮವೇ. ನಮ್ಮ ಕಡೆ ಖಾತ್ರಿ ಎಂದರೆ ಯಾರೂ ಅದರ ಮೂಲ ಕೇಳುವುದಿಲ್ಲ. ಜಾಬ್ ಕಾರ್ಡನ್ನೂ ಹಾಗೇ ಇಡಿ. ಸರ್ವಿಸ್ ಅಡ್ವೈಸರ್ ಕೇಳುವುದೇ ಆ ಹೆಸರಿನಲ್ಲಿ. ಅದರಡಿ ಒಂದು ಸಾಲು ಸೇರಿಸಿ: 'ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ, ಕಿ.ಮೀ. ರೀಡಿಂಗ್ ನೋಡಿ, ಒಂದು ಪ್ರತಿ ಪಡೆಯಿರಿ.' 'ಜನರಲ್ ಚೆಕಪ್' ಎಂದಷ್ಟೇ ಗೀಚಿದ ಕಾರ್ಡಿನಿಂದ ಗೇರ್‌ಬಾಕ್ಸ್ ಸದ್ದು ವಾರಂಟಿ ಅವಧಿಯಲ್ಲೇ ಶುರುವಾಯಿತೆಂದು ತೋರಿಸಲು ಆಗದು. 'ಸೂಪರ್‌ವೈಸರ್ ಜೊತೆ ಓಡಿಸುವಾಗ ಮೂರನೇ ಗೇರಿನಲ್ಲಿ ಸದ್ದು ಕೇಳಿಸಿತು' ಎಂದು ದಾಖಲಾಗಿದ್ದರೆ ಅದೇ ಸಾಕ್ಷಿ. ಗ್ರಾಹಕ ಸಹಾಯವಾಣಿ 1915 ಅನ್ನೂ ಹಾಕಿ.

ಎಸ್.ಕೆ., ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ವಾರಂಟಿ, ಜಾಬ್ ಕಾರ್ಡ್ ಉಳಿಸಿದೆ. ಎಲ್.ಬಿ. ಅವರ ಸಾಲು, 1915, 'ಯಾವುದು ಮೊದಲೋ ಅದು' ಸೇರಿಸಿದೆ. ಮುಖ್ಯ ಸಾಲು ಹೀಗಿದೆ: 'ಸವೆದ ಭಾಗಗಳಿಗೆ ವಾರಂಟಿ ಅನ್ವಯಿಸುವುದಿಲ್ಲ.'

ವಿ.ಎಂ., ಬೆಂಗಳೂರು:
'ಸವೆದ' ಖಂಡಿತ ಬೇಡ. ಭೂತಕೃದಂತ ಹಾಕಿದರೆ ಸವೆದದ್ದೆಲ್ಲ ಹೊರಗೆ ಹೋಯಿತು. ಲೋಹದ ದೋಷದಿಂದ 20 ಸಾವಿರ ಕಿ.ಮೀ.ಗೇ ಗೇರ್‌ಬಾಕ್ಸಿನ ಬೇರಿಂಗ್ ಸವೆದರೆ ಅದು ತಯಾರಿಕೆಯ ದೋಷ, ವಾರಂಟಿಗೆ ಬರಲೇಬೇಕು. ನಿಮ್ಮ ಸಾಲು ಅದನ್ನೂ ತಳ್ಳಿಹಾಕಲು ಡೀಲರಿಗೆ ದಾರಿ ಕೊಡುತ್ತದೆ. 'ಬಳಕೆಯಿಂದ ಸಹಜವಾಗಿ ಸವೆಯುವ ಈ ಭಾಗಗಳಿಗೆ' ಎಂದು ಬರೆದು, ಕೆಳಗೆ ಪಟ್ಟಿ ಕೊಡಿ. 'ಈ' ಬಿಡಬೇಡಿ, 'ಇತ್ಯಾದಿ' ಸೇರಿಸಬೇಡಿ.

ಜಿ.ಆರ್., ಮೈಸೂರು:
'ಸವೆಯುವ' ಸರಿ. 'ಖಾತರಿ' ಬಿಟ್ಟದ್ದು ಸರಿಯಲ್ಲ.